ಮುಳ್ಳು ಚುಚ್ಚಿದ ಹಿಮ್ಮಡಿ ಊದಿಕೊಳ್ಳುವುದೇಕೆ?

ನಮ್ಮ ಪಾವಗಡದ ಕಡೆ ಬಳ್ಳಾರಿ ಜಾಲಿಯ ಮುಳ್ಳು ಹಿಮ್ಮಡಿಯಲ್ಲಿ ಮುರಿದುಕೊಂಡರೆ, ಮಾರನೆಯ ದಿನ ಅಲ್ಲಿ ಕೆಂಪೇರಿ, ಬಿಸಿಯಾಗಿ, ಕಾಲೂರಲಾಗದಷ್ಟು ಊದಿಕೊಂಡಿರುತ್ತದೆ. ಮುಳ್ಳು ನಂಜಾಯಿತು ಎಂದು ಹಿರಿಯರು ಹೇಳುತ್ತಾರೆ. ಆ ಊತದ ಬಹುಪಾಲು ನಮ್ಮ ದೇಹವೇ ಮಾಡಿಕೊಂಡದ್ದು. ಅದರ ಹಿಂದಿರುವ ಮುಖ್ಯ ಕೈಗಳಲ್ಲಿ ಒಂದು ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಬಳಗ.

ಮೂವತ್ತಕ್ಕೂ ಹೆಚ್ಚಿರುವ ಈ ಪ್ರೋಟೀನುಗಳಲ್ಲಿ ಹಲವು ಯಕೃತ್ತಿನಲ್ಲಿ ತಯಾರಾಗಿ, ರಕ್ತದಲ್ಲಿ ಸುಮ್ಮನೆ ಸುತ್ತುತ್ತಿರುತ್ತವೆ. ಮುಳ್ಳಿನೊಂದಿಗೆ ಒಳಹೊಕ್ಕ ಬ್ಯಾಕ್ಟೀರಿಯಾದ ಮೈಮೇಲೆ ಇವು ಸರಣಿಯಾಗಿ ಚುರುಕುಗೊಂಡಾಗ ಮೊದಲು ಸಿ3, ಬಳಿಕ ಸಿ5 ಎಂಬ ಪ್ರೋಟೀನುಗಳು ಸೀಳಿಹೋಗುತ್ತವೆ. ಸಿ3ಬಿ ಎಂಬ ದೊಡ್ಡ ತುಣುಕು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡರೆ, ಸಿ3ಎ ಮತ್ತು ಸಿ5ಎ ಎಂಬ ಚಿಕ್ಕ ತುಣುಕುಗಳು ಅಲ್ಲಿಂದ ಕಳಚಿ ಸುತ್ತಲಿನ ಅಂಗಾಂಶಕ್ಕೆ ಹರಡುತ್ತವೆ. ಸಿ5ರ ದೊಡ್ಡ ತುಣುಕಾದ ಸಿ5ಬಿಯಿಂದ ಆರಂಭವಾಗಿ ಬ್ಯಾಕ್ಟೀರಿಯಾದ ಪೊರೆಗೆ ತೂತು ಕೊರೆಯುವ ಕೂಟದ ಚಿತ್ರವನ್ನೇ ತರಗತಿಗಳಲ್ಲಿ ದೊಡ್ಡದಾಗಿ ಬರೆಸುತ್ತಾರೆ. ನನಗಂತೂ ಕೇವಲ 74 ಅಮೈನೋ ಆಮ್ಲಗಳ ಸಿ5ಎ ಅದಕ್ಕಿಂತ ಕುತೂಹಲಕರವಾಗಿ ಕಾಣುತ್ತದೆ.

ಈ ಚಿಕ್ಕ ತುಣುಕುಗಳು ಅಂಗಾಂಶದಲ್ಲಿರುವ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳನ್ನು ಕೆಣಕಿದಾಗ ಅವುಗಳೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬಿದ್ದು, ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆಯ ಸಂದುಗಳಿಂದ ದ್ರವ ಸೋರುತ್ತದೆ. ಕೆಂಪು, ಬಿಸಿ, ಊತ ಮೂರೂ ಬರುವುದು ಹೀಗೆ. ಸಿ5ಎ ಇಷ್ಟಕ್ಕೇ ನಿಲ್ಲುವುದಿಲ್ಲ. ಅದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಗ್ರಾಹಕಕ್ಕೆ ತಗುಲಿದಾಗ ಅವು ನಾಳದ ಒಳಗೋಡೆಗೆ ಬಿಗಿಯಾಗಿ ಅಂಟಿಕೊಂಡು, ಕೋಶಗಳ ನಡುವೆ ನುಸುಳಿ ಹೊರಬಂದು, ಬೆಲ್ಲದ ವಾಸನೆ ಹಿಡಿದ ಇರುವೆಗಳಂತೆ ಸಿ5ಎ ಹೆಚ್ಚು ಸಾಂದ್ರವಾಗಿರುವ ದಿಕ್ಕಿಗೇ ಸಾಗುತ್ತವೆ. ಹಿಮ್ಮಡಿಯಿಂದ ಒಸರುವ ಕೀವಿನಲ್ಲಿ ಹೆಚ್ಚಾಗಿ ಇರುವುದು ಹೀಗೆ ಬಂದು ಸತ್ತ ನ್ಯೂಟ್ರೋಫಿಲ್‌ಗಳೇ.

ಇಷ್ಟು ಬಲವುಳ್ಳದ್ದು ಮೈಯೆಲ್ಲ ತಿರುಗಾಡಿದರೆ ಅಪಾಯವೇ. ಆದ್ದರಿಂದ ರಕ್ತದಲ್ಲಿರುವ ಕಾರ್ಬಾಕ್ಸಿಪೆಪ್ಟಿಡೇಸ್ ಎನ್ ಎಂಬ ಕಿಣ್ವವು ಈ ತುಣುಕುಗಳ ತುದಿಯ ಒಂದೇ ಒಂದು ಆರ್ಜಿನೀನನ್ನು ಬೇಗನೆ ಕತ್ತರಿಸಿಬಿಡುತ್ತದೆ. ಅಷ್ಟಕ್ಕೇ ಸಿ5ಎಯ ಬಲ ಬಹಳವಾಗಿ ಕುಗ್ಗುತ್ತದೆ.

ಕಾಂಪ್ಲಿಮೆಂಟಿನ ಬಲವನ್ನು ಎಲ್ಲಿ, ಎಷ್ಟು ತಡೆಯಬೇಕೆಂಬ ವಿವೇಚನೆ ಔಷಧಗಳಲ್ಲಿಯೂ ಕಾಣುತ್ತದೆ. 2007ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಕುಲಿಜುಮಾಬ್ ಎಂಬ ಔಷಧ ಸಿ5 ಸೀಳುವುದನ್ನೇ ತಡೆಯುವುದರಿಂದ ತೂತು ಕೊರೆಯುವ ಕೆಲಸವೂ ನಿಂತು, ಮಿದುಳಿನ ಪೊರೆಯ ಉರಿಯೂತ ತರುವ ಮೆನಿಂಜೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿನ ಭಯ ಹೆಚ್ಚುತ್ತದೆ. ಆ ಕಾರಣಕ್ಕೆ ರೋಗಿಗೆ ಮುಂಚಿತವಾಗಿ ಅದರ ಲಸಿಕೆ ಹಾಕಿಸುತ್ತಾರೆ. ರಕ್ತನಾಳಗಳ ಒಂದು ಬಗೆಯ ಉರಿಯೂತಕ್ಕಾಗಿ 2021ರಲ್ಲಿ ಬಂದ ಅವಾಕೊಪಾನ್ ಸಿ5ಎಯ ಗ್ರಾಹಕವನ್ನಷ್ಟೇ ಮುಚ್ಚುತ್ತದೆ, ಸಿ5ಬಿಯ ದಾರಿಗೆ ಅಡ್ಡ ಬರುವುದಿಲ್ಲ.