ಟಾಮ್ ವಿಲ್ಸ್ ಸ್ಕೋರ್ ಬುಕ್: ಎಲ್ಲಿಗೆ ಬಂತು ಕೆಲಸ?

ಜೂನ್, ಮೊದಲ ವಾರ

ಲೀಗ್ ಮುಗಿದು ಮಳೆ ಹಿಡಿದುಕೊಂಡರೆ ನಮ್ಮಂಥ ಭಾನುವಾರದ ಸ್ಕೋರರ್‌ಗಳು ಸುಮ್ನೆ ಕೂರಬೇಕು. ಬೀರುವಿನಲ್ಲಿ ಹೊಸ ಸ್ಕೋರ್ ಬುಕ್ ಒಂದು ಹಾಗೇ ಉಳಿದಿತ್ತು. ಅದನ್ನು ಒಬ್ಬನೇ ಆಟಗಾರನ ಮ್ಯಾಚ್‌ಗಳಿಂದ ತುಂಬಿಸೋಣ ಅಂತ ಹೊರಟೆ. ಆರಿಸಿಕೊಂಡದ್ದು ಆಸ್ಟ್ರೇಲಿಯಾದ ಟಾಮ್ ವಿಲ್ಸ್‌ನನ್ನು.

ಹುಟ್ಟಿದ್ದು 1835ರಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ. ಅಜ್ಜ ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದ ಕೈದಿ. ಅಪ್ಪ ಹೊರೇಶಿಯೋ ಕುರಿ ಸಾಕಿ ಸಿರಿವಂತನಾದವನು. ವಿಕ್ಟೋರಿಯಾದಲ್ಲಿ ಅವರ ಕುರಿ ಜಮೀನಿದ್ದ ಕಡೆ ಟಾಮ್ ಆಡಿ ಬೆಳೆದದ್ದು ಜಾಬ್ ವರಂಗ್ ಮೂಲನಿವಾಸಿ ಮಕ್ಕಳ ಜೊತೆ. ಅವರ ಮಾತು, ಹಾಡು ಎರಡೂ ಅವನಿಗೆ ಬರುತ್ತಿತ್ತು. 14ನೇ ವಯಸ್ಸಿಗೆ ಅಪ್ಪ ಅವನನ್ನು ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳಿಸಿದ. ಓದು ತಲೆಗೆ ಹತ್ತಲಿಲ್ಲ, ಕ್ರಿಕೆಟ್ ಹತ್ತಿತು. 1856ರಲ್ಲಿ ಆಕ್ಸ್‌ಫರ್ಡ್ ವಿರುದ್ಧ ಕೇಂಬ್ರಿಡ್ಜ್ ಪರ ಆಡಿಯೂಬಿಟ್ಟ. ಕೇಂಬ್ರಿಡ್ಜ್‌ನಲ್ಲಿ ಅವನು ಒಂದು ದಿನವೂ ಓದಿದವನಲ್ಲ!

ಜೂನ್, ಮೂರನೇ ವಾರ

ಹಳೆಯ ಪತ್ರಿಕೆಗಳು ಸಿಗುವುದು ಟ್ರೋವ್‌ನಲ್ಲಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ್ದು, ದುಡ್ಡು ಕೊಡಬೇಕಾಗಿಲ್ಲ. ಒಂದು ಕಡೆ ಪುಟದ ಚಿತ್ರ, ಪಕ್ಕದಲ್ಲಿ ಕಂಪ್ಯೂಟರ್ ಓದಿದ ಅಕ್ಷರ. ತಪ್ಪಿದ್ದರೆ ಯಾರು ಬೇಕಾದರೂ ತಿದ್ದಬಹುದು. ಸ್ಕೋರ್ ಪಟ್ಟಿ ಬಂದರೆ ಕಂಪ್ಯೂಟರ್ ಸೋತುಹೋಗುತ್ತದೆ. 3 ಹೋಗಿ 8 ಆಗಿರುತ್ತದೆ, ಚುಕ್ಕಿಗಳೆಲ್ಲ ಅಲ್ಪವಿರಾಮ. ತಿದ್ದುತ್ತಾ ಕೂತರೆ ಕಾಫಿ ಆರಿದ್ದೂ ಗೊತ್ತಾಗುವುದಿಲ್ಲ.

ಮೊದಲ ತಪ್ಪು ನನ್ನದೇ. ಎಂಸಿಸಿ ಅಂತ ಕಂಡದ್ದನ್ನೆಲ್ಲ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ ಅಂತ ಬರೆದುಬಿಟ್ಟಿದ್ದೆ. ಲಂಡನ್ನಿನ ಮೆರಿಲಬೋನ್ ಕೂಡ ಎಂಸಿಸಿಯೇ ಅಲ್ವಾ? ಈ ಮಹಾರಾಯ ಎರಡಕ್ಕೂ ಆಡಿದ್ದಾನೆ. ಎರಡು ಪುಟ ಹರಿದು ಹಾಕಬೇಕಾಯಿತು.

ಜುಲೈ, ಮೊದಲ ವಾರ

ಈಗಿನ ಸ್ಕೋರ್ ಬುಕ್ಕಿಗೆ ಆಗಿನ ಕ್ರಿಕೆಟ್ ಹಿಡಿಸುವುದಿಲ್ಲ. ಓವರಿಗೆ ನಾಲ್ಕೇ ಬಾಲ್. ಪತ್ರಿಕೆಯಲ್ಲಿ ಬೌಲಿಂಗ್ ಲೆಕ್ಕ ಕೊಡುವುದು ಬಾಲುಗಳಲ್ಲಿ, 64 ಬಾಲ್ ಅಂದರೆ 16 ಓವರ್. ನನ್ನ ಕೈ ತಾನಾಗಿ ಆರರಿಂದ ಭಾಗಿಸಲು ಹೋಗುತ್ತದೆ.

ಇನ್ನೊಂದು ಪಜೀತಿ ಟೀಮಿನ ಗಾತ್ರ. ದುರ್ಬಲ ಟೀಮಿಗೆ 18 ಅಥವಾ 22 ಜನರನ್ನು ಕೊಟ್ಟು ಆಡಿಸುತ್ತಿದ್ದರು. ನನ್ನ ಪುಟದಲ್ಲಿರುವುದು 11 ಸಾಲು. ಹಳೆ ಕ್ಯಾಲೆಂಡರಿನ ಹಿಂಬದಿಯಿಂದ ಪಟ್ಟಿ ಕತ್ತರಿಸಿ, ಗೆರೆ ಎಳೆದು, ಪುಟದ ಕೆಳಗೆ ಅಂಟಿಸುತ್ತಿದ್ದೇನೆ. ಬಿಚ್ಚಿದರೆ ಜಾತಕದ ಹಾಗೆ ಇಳಿಯುತ್ತದೆ. ಜೊತೆಗೆ ಸ್ಕೋರ್ ಮಾಡುವ ಗೆಳೆಯ ನೋಡಿ, "ಸತ್ತೋರ ಸ್ಕೋರ್ ಬರೆಯೋಕೆ ಇಷ್ಟು ಗೋಂದು ಬೇಕೇನೋ ಮಾರಾಯ?" ಅಂದ.

ಇಂಗ್ಲೆಂಡಿನ ಪಟ್ಟಿಗಳಲ್ಲಿ ಹವ್ಯಾಸಿಯ ಹೆಸರಿಗೆ 'ಮಿಸ್ಟರ್' ಅಥವಾ 'ಎಸ್ಕ್ವೈರ್' ಮರ್ಯಾದೆ, ದುಡ್ಡಿಗೆ ಆಡುವವನಿಗೆ ಬರೀ ಹೆಸರು. ವಿಲ್ಸ್ ಮರ್ಯಾದೆಯ ಸಾಲಿನವನು. ಆದರೆ ಕೈ ಬರಿದಾದ ಮೇಲೆ ಮೆಲ್ಬರ್ನ್ ಕ್ಲಬ್ ಅವನಿಗೆ ಸಂಬಳ ಕೊಟ್ಟು ಇಟ್ಟುಕೊಂಡಿತು. ಹುದ್ದೆಗೆ 'ಟ್ಯೂಟರ್' ಅಂತ ಹೆಸರಿಟ್ಟರು, ಹವ್ಯಾಸಿ ಪಟ್ಟ ಹೋಗಬಾರದಲ್ಲ. ನಮ್ಮ ಕಡೆ ಸಂಬಳಕ್ಕೆ 'ಗೌರವಧನ' ಅನ್ನುತ್ತಾರಲ್ಲ, ಹಾಗೆ.

ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡು ಹಿಡಿಯಬಾರದು, ಫುಟ್‌ಬಾಲ್ ಕ್ಲಬ್ ಕಟ್ಟಿ ನಿಯಮ ಬರೆಯೋಣ ಅಂತ 1858ರ ಜುಲೈ 10ರ ಪತ್ರಿಕೆಯಲ್ಲಿ ಅವನ ಕಾಗದ ಬಂತು. ಮರುವರ್ಷ ನಾಲ್ಕಾರು ಜನ ಕೂತು ನಿಯಮ ಬರೆದರು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಬೆಳೆದದ್ದು ಅಲ್ಲಿಂದ. ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ, ಅಂಚಿನಲ್ಲಿ ಬರೆದಿದ್ದೇನೆ.

ಜುಲೈ, ಕೊನೆಯ ವಾರ

ಈ ವಾರ ಬರೆದದ್ದು ಒಂದೇ ತಾರೀಖು: 17 ಅಕ್ಟೋಬರ್ 1861. ಅಪ್ಪನ ಜೊತೆ ಸಾವಿರಾರು ಕುರಿ ಹೊಡೆದುಕೊಂಡು ಟಾಮ್ ಕ್ವೀನ್ಸ್‌ಲ್ಯಾಂಡ್‌ನ ಕಲಿನ್-ಲಾ-ರಿಂಗೋಗೆ ಹೋಗಿದ್ದ. ಆ ದಿನ ಮೂಲನಿವಾಸಿಗಳ ದಾಳಿಯಲ್ಲಿ ಅಪ್ಪ ಸೇರಿ 19 ಜನ ಸತ್ತರು. ಟಾಮ್ ಸಾಮಾನು ತರಲು ಹೊರಟಿದ್ದರಿಂದ ಉಳಿದ. ಸೇಡಿಗೆ ಬಿಳಿಯರು, ಪೊಲೀಸರು ಕೊಂದ ಮೂಲನಿವಾಸಿಗಳು ಅದರ ಎಷ್ಟೋ ಪಟ್ಟು. 1862ರ ಜನವರಿ 1ರಂದು ಇಂಗ್ಲೆಂಡಿನ ಮೊದಲ ತಂಡ ಮೆಲ್ಬರ್ನ್‌ನಲ್ಲಿ ಆಡಲು ಇಳಿದಾಗ ವಿಲ್ಸ್ ಇನ್ನೂ ಕ್ವೀನ್ಸ್‌ಲ್ಯಾಂಡ್‌ನಲ್ಲೇ ಇದ್ದ. ಆ ಎರಡು ಪುಟ ಖಾಲಿ ಬಿಟ್ಟೆ.

ಅದರ ಮುಂದಿನ ಪುಟಗಳನ್ನು ದಾಟಿದರೆ 1866ರ ಡಿಸೆಂಬರ್ 26. ಮೆಲ್ಬರ್ನ್ ಮೈದಾನದಲ್ಲಿ ಮೂಲನಿವಾಸಿಗಳ ತಂಡ, ಅದಕ್ಕೆ ಕೋಚ್ ಮತ್ತು ಕ್ಯಾಪ್ಟನ್ ಇದೇ ಟಾಮ್ ವಿಲ್ಸ್. ಯಾಕೆ ಒಪ್ಪಿಕೊಂಡ? ಬಾಲ್ಯದ ಗೆಳೆತನವೋ, ದುಡ್ಡಿನ ಅಡಚಣೆಯೋ? ನನಗನಿಸುವುದು ಎರಡೂ. ಮ್ಯಾಚ್ ಸೋತರು, ಆದರೆ ಸಾವಿರಾರು ಜನ ನೋಡಲು ಬಂದಿದ್ದರು. ಪಟ್ಟಿಯಲ್ಲಿ ಆಟಗಾರರ ಹೆಸರು ಬುಲಕಿ, ಕಜನ್ಸ್, ಮುಲ್ಲಾ ಅಂತ ಇದೆ. ಬಿಳಿಯರು ಬಾಯಿಗೆ ಬಂದಂತೆ ಇಟ್ಟವು. ಮುಲ್ಲಾ ಅನ್ನುವುದಂತೂ ಕುರಿ ಜಮೀನಿನ ಹೆಸರು. ಅವನ ನಿಜವಾದ ಹೆಸರು ಉನಾರಿಮಿನ್. ಪೆನ್ಸಿಲ್‌ನಲ್ಲಿ ಅದನ್ನು ಮೇಲೆ ಬರೆದೆ. 2020ರಲ್ಲಿ ಅದೇ ಮೈದಾನದಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ಗೆದ್ದಾಗ ರಹಾನೆ ಕೊರಳಿಗೆ ಬಿತ್ತಲ್ಲ, ಮುಲ್ಲಾ ಮೆಡಲ್, ಅದು ಇವನ ಹೆಸರಿನದು.

1868ರಲ್ಲಿ ಇಂಗ್ಲೆಂಡಿಗೆ ಹೋದ ತಂಡಕ್ಕೆ ವಿಲ್ಸ್ ಕ್ಯಾಪ್ಟನ್ ಅಲ್ಲ. ಆ ಕೆಲಸ ಚಾರ್ಲ್ಸ್ ಲಾರೆನ್ಸ್‌ಗೆ ಹೋಯಿತು. ಅವರು ಆಡಿದ 47 ಮ್ಯಾಚ್ ನನ್ನ ಪುಸ್ತಕಕ್ಕೆ ಸೇರುವುದಿಲ್ಲ.

ಆಗಸ್ಟ್, ಎರಡನೇ ವಾರ

ಕೊನೆಯ ಪುಟಗಳನ್ನು ಬೇಗ ಮುಗಿಸಿದೆ, ಮನಸ್ಸಿಗೆ ಸರಿಹೋಗಲಿಲ್ಲ. ಕುಡಿತ ಜಾಸ್ತಿಯಾಗಿತ್ತು. 1872ರಲ್ಲಿ ಬೌಲಿಂಗ್ ಮಾಡದೆ ಮೊಣಕೈ ಬಗ್ಗಿಸಿ ಬಾಲ್ ಎಸೆಯುತ್ತಾನೆ ಅಂತ ಅಂಪೈರ್ ನೋ ಬಾಲ್ ಕೊಟ್ಟರು. 1880ರ ಮೇ 2ರಂದು ತನ್ನ ಜೀವ ತಾನೇ ತೆಗೆದುಕೊಂಡ. ವಯಸ್ಸು 44. ಗೋರಿಗೆ ಕಲ್ಲು ಬಿದ್ದದ್ದು 1980ರಲ್ಲಿ.

ಈಗ ಲೆಕ್ಕ ತಾಳೆ ನೋಡುತ್ತಿದ್ದೇನೆ. ಫಸ್ಟ್ ಕ್ಲಾಸ್‌ನಲ್ಲಿ ಅವನದು 32 ಮ್ಯಾಚ್, 602 ರನ್, 130 ವಿಕೆಟ್. ರನ್ ಕೂಡಿತು. ವಿಕೆಟ್ ನನ್ನದರಲ್ಲಿ 127 ಬರುತ್ತಿದೆ. ಮೂರು ಎಲ್ಲೋ ಬಿಟ್ಟಿದ್ದೇನೆ. ಹರಿದು ಹಾಕಿದ ಆ ಎರಡು ಪುಟದ ಮೇಲೇ ನನ್ನ ಅನುಮಾನ. ಭಾನುವಾರ ಇಂಗ್ಲೆಂಡಿನ ಕೆಂಟ್ ಕೌಂಟಿಗೆ ಅವನು ಆಡಿದ ಮ್ಯಾಚ್‌ಗಳಿಂದ ಮತ್ತೆ ಶುರು.