ಗೆದ್ದವರು ಯಾರೆಂದು ಗೊತ್ತಿದ್ದರೂ ಅದೇ ಆಟವನ್ನೇಕೆ ನೋಡುತ್ತೀರಿ?

ನನ್ನ ಪರಿಚಯದವರಲ್ಲಿ ಹೆಚ್ಚಿನವರು ಒಮ್ಮೆಯಾದರೂ ನನ್ನನ್ನು ಕೇಳಿರುವ ಪ್ರಶ್ನೆಯಿದು. 2014ರ ಫೆಬ್ರುವರಿ 20ರಂದು ರಷ್ಯಾದ ಸೋಚಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನ ಮಹಿಳಾ ಐಸ್ ಹಾಕಿ ಫೈನಲ್ ಪಂದ್ಯವನ್ನು ನಾನು ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಮೊದಲಿನಿಂದ ಕೊನೆಯವರೆಗೆ ನೋಡುತ್ತೇನೆ. ಕೆನಡಾ ತಂಡ ಅಮೆರಿಕವನ್ನು 3–2ರಿಂದ ಸೋಲಿಸಿದ್ದು ನನಗೆ ಗೊತ್ತು. ಯಾವ ಗೋಲು ಎಷ್ಟನೆಯ ನಿಮಿಷದಲ್ಲಿ ಬಂತೆಂಬುದೂ ಬಾಯಿಪಾಠವಾಗಿದೆ. ಹಾಗಿರುವಾಗ ನೋಡುವುದಕ್ಕೆ ಇನ್ನೇನು ಉಳಿದಿದೆ ಎಂಬುದು ಕೇಳುವವರ ತಕರಾರು.

ನನ್ನ ಪರವಾಗಿ ಉತ್ತರ ಹೇಳಲು ಮುಂದೆ ಬರುವವರೂ ಇದ್ದಾರೆ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಜನ ಬೆಳಗಿನ ಜಾವದವರೆಗೆ ಕೂತು ಯಕ್ಷಗಾನ ನೋಡುವುದಿಲ್ಲವೇ ಎಂದು ಅವರು ವಾದಿಸುತ್ತಾರೆ. ಹೋಲಿಕೆ ಚೆನ್ನಾಗಿದೆ, ಆದರೆ ಹೊಂದುವುದಿಲ್ಲ. ಪ್ರಸಂಗ ಹಳೆಯದಾದರೂ ಯಕ್ಷಗಾನದ ಮಾತು ಆಯಾ ರಾತ್ರಿಯೇ ಹುಟ್ಟುತ್ತದೆ. ನಿನ್ನೆಯ ಕೀಚಕ ಹೇಳಿದ ಅರ್ಥವನ್ನೇ ಇಂದಿನ ಕೀಚಕನೂ ಹೇಳಬೇಕೆಂದೇನಿಲ್ಲ. ನಾನು ನೋಡುವುದು ವಿಡಿಯೊ. ಅದರಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಆಗುವ ಹಾಗಿಲ್ಲ.

ನನ್ನ ಕಾರಣ ಬೇರೆ, ಅದರಲ್ಲಿ ಸ್ವಲ್ಪ ನಾಚಿಕೆಯೂ ಬೆರೆತಿದೆ. ಆಗ ನಾನು ಟೊರೊಂಟೊದಲ್ಲಿ ಕೆಲಸದಲ್ಲಿದ್ದೆ. ಸೋಚಿಯಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾದ ಆಟ ನಮಗೆ ಮಧ್ಯಾಹ್ನ ಹನ್ನೆರಡಕ್ಕೆ ಸಿಕ್ಕಿತ್ತು. ಗುರುವಾರವಾದ್ದರಿಂದ ಆಫೀಸಿನವರೆಲ್ಲ ಊಟದ ಡಬ್ಬಿ ಹಿಡಿದುಕೊಂಡು ಕ್ಯಾಂಟೀನಿನ ಟಿವಿಯ ಮುಂದೆ ಸೇರಿದ್ದೆವು. ಎರಡನೆಯ ಅವಧಿಯಲ್ಲಿ ಮೇಗನ್ ಡಗ್ಗನ್, ಮೂರನೆಯ ಅವಧಿಯ ಆರಂಭದಲ್ಲೇ ಅಲೆಕ್ಸ್ ಕಾರ್ಪೆಂಟರ್ ಗೋಲು ಹೊಡೆದು ಅಮೆರಿಕಕ್ಕೆ 2–0 ಮುನ್ನಡೆ ತಂದುಕೊಟ್ಟರು. ಇಪ್ಪತ್ತು ನಿಮಿಷಗಳ ಮೂರು ಅವಧಿಗಳ ಈ ಆಟದಲ್ಲಿ ಇನ್ನು ನಾಲ್ಕು ನಿಮಿಷವಷ್ಟೇ ಉಳಿದಿದ್ದಾಗ, ಕಥೆ ಮುಗಿಯಿತೆಂದುಕೊಂಡು ನಾನು ಡಬ್ಬಿ ಮುಚ್ಚಿ ಮೀಟಿಂಗಿಗೆ ಎದ್ದುಹೋದೆ.

ಮೀಟಿಂಗ್ ನಡೆಯುತ್ತಿದ್ದ ಕೋಣೆಗೂ ಕ್ಯಾಂಟೀನಿಗೂ ನಡುವೆ ಇದ್ದದ್ದು ಒಂದು ತೆಳು ಗೋಡೆ. ಕೂತ ಸ್ವಲ್ಪ ಹೊತ್ತಿಗೆ ಆಚೆಯಿಂದ ಒಂದು ಕೂಗು ಕೇಳಿಸಿತು. ಕೆನಡಾದ ಬ್ರಿಯಾನ್ ಜೆನ್ನರ್ 3 ನಿಮಿಷ 26 ಸೆಕೆಂಡು ಉಳಿದಿರುವಾಗ ಹೊಡೆದ ಗೋಲು ಅದೆಂದು ನನಗೆ ತಿಳಿದದ್ದು ಸಂಜೆ. ಬಳಿಕ ಬಂದ ಸದ್ದು ಕೂಗೂ ಅಲ್ಲ, ಚಪ್ಪಾಳೆಯೂ ಅಲ್ಲ. ಹತ್ತಾರು ಜನ ಒಟ್ಟಿಗೆ ಉಸಿರೆಳೆದುಕೊಂಡು, ಅದನ್ನು ಹಿಡಿದಿಟ್ಟುಕೊಂಡು, ಆಮೇಲೆ ನರಳಿದಂತೆ ಬಿಟ್ಟರು. ಅದಾಗಿ ಅರ್ಧ ನಿಮಿಷದ ಆಟ ಕಳೆಯುವಷ್ಟರಲ್ಲಿ ಗೋಡೆ ಅದುರುವಂಥ ಮೂರನೆಯ ಸದ್ದು ಬಂತು. ಮೀಟಿಂಗ್ ನಡೆಸುತ್ತಿದ್ದವರು ಮಾತು ನಿಲ್ಲಿಸಿ, “ಹೋಗಿ ನೋಡೋಣವೇ?” ಎಂದರು, ಯಾರೂ ಉತ್ತರ ಹೇಳುವುದಕ್ಕೆ ಕಾಯಲಿಲ್ಲ.

ಆ ನಡುವಿನ ಸದ್ದಿಗೆ ಕಾರಣವಾದದ್ದೇನೆಂದು ನೋಡಲು ಅಂದು ರಾತ್ರಿ ಕೂತವನು ಇಂದಿಗೂ ಎದ್ದಿಲ್ಲ ಎನ್ನಬಹುದು.

ಐಸ್ ಹಾಕಿ ನೋಡಿ ಅಭ್ಯಾಸವಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಪ್ರತಿ ತಂಡದಿಂದ ಗೋಲ್‌ಕೀಪರ್ ಸೇರಿ ಆರು ಜನ ಮಂಜಿನ ಮೇಲಿರುತ್ತಾರೆ. ಸೋಲುತ್ತಿರುವ ತಂಡ ಕೊನೆಯ ಒಂದೆರಡು ನಿಮಿಷಗಳಲ್ಲಿ ಗೋಲ್‌ಕೀಪರನ್ನು ಹೊರಗೆ ಕರೆಸಿಕೊಂಡು, ಆ ಜಾಗದಲ್ಲಿ ದಾಳಿಗೆ ಇನ್ನೊಬ್ಬರನ್ನು ಇಳಿಸುವುದುಂಟು. ಗೋಲಿನ ಬಾಯಿ ಬಟಾಬಯಲಾಗುತ್ತದೆ. ಈ ಆಟದಲ್ಲಿ ಚೆಂಡಿನ ಬದಲಿಗಿರುವ ಪಕ್ ಎದುರಾಳಿಯ ಕೈಗೆ ಸಿಕ್ಕಿತೆಂದರೆ ಮುಗಿಯಿತು. ಕೆನಡಾದ ಕೋಚ್ ಕೆವಿನ್ ಡಿನೀನ್ ಮಾಡಿದ್ದು ಅದನ್ನೇ. ಗೋಲ್‌ಕೀಪರ್ ಶಾನನ್ ಸಬಾಡೋಸ್ ಬೆಂಚಿಗೆ ಹೋದ ಮೇಲೆ, ಕೊನೆಯ ಒಂದೂವರೆ ನಿಮಿಷದೊಳಗೆ, ಕೆನಡಾದ ಕ್ಯಾಥರೀನ್ ವಾರ್ಡ್ ಪಕ್ ಹಿಡಿಯಲು ಹೋಗಿ ಅಡ್ಡ ಬಂದ ಲೈನ್ಸ್‌ಮನ್‌ಗೆ ಡಿಕ್ಕಿಯಾದರು. ಬಿಡಿಯಾದ ಪಕ್ ಅಮೆರಿಕದ ಕೆಲ್ಲಿ ಸ್ಟ್ಯಾಕ್ ಅವರಿಗೆ ಸಿಕ್ಕಿತು. ಅವರು ಅದನ್ನು ಅಷ್ಟು ದೂರದಿಂದಲೇ ಖಾಲಿ ಗೋಲಿನತ್ತ ತಳ್ಳಿದರು.

ಪಕ್ ಎಂದರೆ ಮೂರಂಗುಲ ಅಗಲದ, ಒಂದಂಗುಲ ದಪ್ಪದ, ಸುಮಾರು 170 ಗ್ರಾಂ ತೂಕದ ರಬ್ಬರ್ ಬಿಲ್ಲೆ. ಸ್ಟಿಕ್ಕಿನ ಒಂದು ಸರಿಯಾದ ಏಟಿಗೆ ಅದು ಕಣ್ಣಿಗೇ ಕಾಣದಂತೆ ಹಾರುತ್ತದೆ. ಆದರೆ ಈ ಪಕ್ ಹಾರಲಿಲ್ಲ, ಜಾರಿತು. ಬಿಳಿಯ ಮಂಜಿನ ಮೇಲೆ ಒಂಟಿ ಕಪ್ಪು ಚುಕ್ಕೆಯೊಂದು, ಯಾರ ಅವಸರವೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ, ಖಾಲಿ ಗೋಲಿನ ಕಡೆಗೆ ಸಾಗುತ್ತದೆ. ಚಿನ್ನ ಅಮೆರಿಕದ್ದೇ ಎಂದು ನೋಡುವವರ ಮನಸ್ಸು ಆಗಲೇ ಬರೆದುಕೊಂಡಿರುತ್ತದೆ. ಪಕ್ ಹೋಗಿ ಕಂಬಕ್ಕೆ ತಗುಲಿ ನಿಲ್ಲುತ್ತದೆ. ಒಂದೆರಡು ಅಂಗುಲ ಒಳಗಿದ್ದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ನಾನು ನೋಡುತ್ತ ಕೂತಾಗ ನನ್ನ ಹೆಂಡತಿ ಹಿಂದಿನಿಂದ ಹಾದುಹೋಗುತ್ತ, “ರೀ, ಈ ಸಲವಾದ್ರೂ ಒಳಗೆ ಹೋಗುತ್ತಾ ನೋಡಿ” ಎನ್ನುವುದುಂಟು. ಅವಳದು ತಮಾಷೆ. ನಿಜ ಹೇಳಬೇಕೆಂದರೆ, ಆ ಕೆಲವು ಸೆಕೆಂಡು ನನಗೂ ಅದರ ಬಗ್ಗೆ ಪೂರ್ತಿ ಖಾತ್ರಿ ಇರುವುದಿಲ್ಲ.

ಮೊದಲ ಸಲ ನೋಡುವಾಗ ಕಣ್ಣು ಪಕ್ಕಿನ ಬೆನ್ನು ಹತ್ತಿ ಓಡುತ್ತಿರುತ್ತದೆ, ಇಲ್ಲವೇ ಗಡಿಯಾರದ ಮೇಲಿರುತ್ತದೆ. ಅರವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲದ ಆ ರಿಂಕಿನಲ್ಲಿ ಉಳಿದವರು ಏನು ಮಾಡುತ್ತಿದ್ದಾರೆಂದು ನೋಡಲು ಪುರುಸೊತ್ತೇ ಇರುವುದಿಲ್ಲ. ಫಲಿತಾಂಶ ಗೊತ್ತಾದ ಮೇಲಷ್ಟೇ ಕಣ್ಣಿಗೆ ಬಿಡುವು ಸಿಗುತ್ತದೆ. ಈಗ ನಾನು ಪ್ರತಿ ಸಲವೂ ಒಬ್ಬರನ್ನು ಆರಿಸಿಕೊಂಡು, ಪಕ್ ಎಲ್ಲಿಯೇ ಹೋಗಲಿ, ಅವರನ್ನೇ ನೋಡುತ್ತೇನೆ. ಒಮ್ಮೆ ವಾರ್ಡ್ ಅವರನ್ನು ಹಾಗೆ ಹಿಂಬಾಲಿಸಿದೆ. ಒಮ್ಮೆ ಅಮೆರಿಕದ ಗೋಲ್‌ಕೀಪರ್ ಜೆಸ್ಸಿ ವೆಟ್ಟರ್ ಅವರನ್ನು. ಮೂರು ಅವಧಿಗಳಲ್ಲಿ ಹೆಚ್ಚುಪಾಲು ಆಟವನ್ನು ಗೋಲು ಬಿಟ್ಟುಕೊಡದೆ ಕಾದವರು ಕೊನೆಯ ನಾಲ್ಕು ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟರೆಂದು ಲೆಕ್ಕದ ಪಟ್ಟಿ ಹೇಳುತ್ತದೆ. ಅವರನ್ನೇ ನೋಡುತ್ತ ಕೂತರೆ, ಜೆನ್ನರ್ ಹೊಡೆತ ತಮ್ಮದೇ ಆಟಗಾರ್ತಿಗೆ ತಾಗಿ ದಿಕ್ಕು ಬದಲಿಸಿದ್ದರಲ್ಲಿ ಅವರ ತಪ್ಪೆಷ್ಟು ಎಂಬ ಪ್ರಶ್ನೆ ಏಳುತ್ತದೆ.

ಮಾರಿ ಫಿಲಿಪ್ ಪುಲ್ಯಾ ಅವರನ್ನಂತೂ ಎಷ್ಟು ಸಲ ನೋಡಿದರೂ ಸಾಲದು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಹದಿನೆಂಟರಲ್ಲೇ, 2010ರ ವ್ಯಾಂಕೂವರ್ ಫೈನಲ್ಲಿನಲ್ಲಿ, ಇದೇ ಅಮೆರಿಕದ ವಿರುದ್ಧ ಕೆನಡಾದ ಎರಡೂ ಗೋಲುಗಳನ್ನು ಹೊಡೆದವರು. ಸೋಚಿಯಲ್ಲಿ 55 ಸೆಕೆಂಡು ಉಳಿದಿದ್ದಾಗ 2–2 ಮಾಡಿದವರೂ ಅವರೇ, ನಾನು ಗೋಡೆಯಾಚೆಯಿಂದ ಕೇಳಿದ ಮೂರನೆಯ ಸದ್ದು ಅವರದೇ. ಗೋಲಿನ ಮುಂದೆ ನಡೆಯುವ ನೂಕಾಟಕ್ಕೆ ಅವರು ನುಗ್ಗುವುದೇ ಇಲ್ಲ. ಪಕ್ ಎಲ್ಲಿಗೆ ಬರಬಹುದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಾರೆ, ಅದು ಬರುತ್ತದೆ.

ಓವರ್‌ಟೈಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಕಡೆ ಗೋಲ್‌ಕೀಪರ್ ಬಿಟ್ಟು ನಾಲ್ವರು ಆಟಗಾರ್ತಿಯರು, ಮೊದಲ ಗೋಲು ಹೊಡೆದವರಿಗೆ ಚಿನ್ನ. ಮುಂದಕ್ಕೆ ಒಬ್ಬಂಟಿಯಾಗಿ ನುಗ್ಗಿದ್ದ ಕೆನಡಾದ ಹೇಲಿ ವಿಕನ್‌ಹೈಸರ್ ಬಿದ್ದಾಗ, ಬೆನ್ನಟ್ಟಿದ್ದ ಅಮೆರಿಕದ ಹಿಲರಿ ನೈಟ್ ಅವರಿಗೆ ರೆಫರಿ ಪೆನಾಲ್ಟಿ ಕೊಟ್ಟು ಸ್ವಲ್ಪ ಹೊತ್ತಿಗೆ ಆಟದಿಂದ ಹೊರಗೆ ಕಳಿಸಿದರು. ಕೆನಡಾ ಗೆಲ್ಲಲೆಂದೇ ಕೂತಿದ್ದ ನನಗೂ ಆ ತೀರ್ಪು ಇಂದಿಗೂ ಒಪ್ಪಿಗೆಯಾಗಿಲ್ಲ. ಅದರಿಂದ ಕೆನಡಾದ ನಾಲ್ವರಿಗೆ ಅಮೆರಿಕದ ಮೂವರು ಎದುರಾದರು. ಲಾರಾ ಫೋರ್ಟಿನೊ ಕೊಟ್ಟ ಪಾಸನ್ನು ಪುಲ್ಯಾ 8 ನಿಮಿಷ 10 ಸೆಕೆಂಡಿಗೆ ಗೋಲಾಗಿಸಿದರು. ಅದು ಕೆನಡಾದ ಸತತ ನಾಲ್ಕನೆಯ ಚಿನ್ನ. ಟಿವಿಯವರು ಹತ್ತು ಹತ್ತು ಸಲ ತೋರಿಸುವುದು ಈ ಗೋಲನ್ನೇ, ನಾನು ಎದ್ದು ನೀರು ಕುಡಿಯಲು ಹೋಗುವುದೂ ಆಗಲೇ.

ಇತ್ತೀಚೆಗೆ ನಾನು ವಿಡಿಯೊ ತಡೆದು ನೋಡುವುದು ಅದಕ್ಕೂ ತುಸು ಹಿಂದಿನ ಇನ್ನೊಂದು ಘಟನೆಯನ್ನು. ಓವರ್‌ಟೈಮಿನ ಆರನೆಯ ನಿಮಿಷ ದಾಟಿದ್ದೇ ವಾರ್ಡ್ ಅವರಿಗೆ ಪೆನಾಲ್ಟಿಯಾಗಿ ಅಮೆರಿಕಕ್ಕೆ ಒಬ್ಬರ ಮೇಲುಗೈ ಸಿಕ್ಕಿತ್ತು. ಆರೇ ಸೆಕೆಂಡಿನಲ್ಲಿ ಅಮೆರಿಕದ ಜೋಸ್ಲಿನ್ ಲಮೊರೊ, ಪಕ್ಕನ್ನು ಕಾಲಡಿ ಒತ್ತಿ ಹಿಡಿದಿದ್ದ ಸಬಾಡೋಸ್ ಅವರ ಮೇಲೆ ಸ್ಟಿಕ್ ಬೀಸಿ ತಾವೂ ಪೆನಾಲ್ಟಿಗೆ ಗುರಿಯಾಗಿ ಆ ಮೇಲುಗೈಯನ್ನು ಕಳೆದರು. 2014ರಲ್ಲಿ ನಾನು ಅದನ್ನು ಬರೀ ದುಡುಕೆಂದು ನೋಡಿದ್ದೆ. ನಾಲ್ಕು ವರ್ಷಗಳ ಬಳಿಕ, 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಇವೇ ಎರಡು ತಂಡಗಳು ಫೈನಲ್ಲಿನಲ್ಲಿ ಮತ್ತೆ 2–2ರಲ್ಲಿ ನಿಂತವು. ಮೂರನೆಯ ಅವಧಿಯಲ್ಲಿ ಆ ಸಮಬಲ ತಂದವರು ಜೋಸ್ಲಿನ್ ಅವರ ಅವಳಿ ಸಹೋದರಿ ಮೊನೀಕ್. ಶೂಟೌಟಿನಲ್ಲಿ ಸಬಾಡೋಸ್ ಅವರನ್ನೇ ಒಂದು ಕಡೆಗೆ ಎಳೆದು ಇನ್ನೊಂದು ಕಡೆಯಿಂದ ಪಕ್ ಒಳಗೆ ಹಾಕಿ ಅಮೆರಿಕಕ್ಕೆ ಇಪ್ಪತ್ತು ವರ್ಷಗಳ ನಂತರ ಚಿನ್ನ ತಂದುಕೊಟ್ಟವರು ಜೋಸ್ಲಿನ್.

ಸೋಚಿಯ ವಿಡಿಯೊದಲ್ಲಿ ಇದಾವುದೂ ಇನ್ನೂ ನಡೆದಿಲ್ಲ. ಇಪ್ಪತ್ತನಾಲ್ಕು ವರ್ಷದ ಆ ಹುಡುಗಿ ಪೆನಾಲ್ಟಿ ಬಾಕ್ಸಿನ ಕಡೆಗೆ ಹೋಗುತ್ತಾಳೆ, ಗಡಿಯಾರದಲ್ಲಿ 6:15 ಆಗಿದೆ.