ಖಾಲಿ ಕ್ಯಾಪ್ಸೂಲ್ ನುಂಗಿದವರು

ಅಮ್ಮನ ಎರಡನೇ ಸುತ್ತಿನ ಔಷಧಿ ಶುರುವಾಗಬೇಕಿದ್ದ ದಿನ. ರಕ್ತ ಕೊಟ್ಟು, ರಿಪೋರ್ಟಿಗೆ ಕಾಯುತ್ತ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಿದ್ದೆವು. ಸ್ತನದ ಕ್ಯಾನ್ಸರ್ ಮೂಳೆಗೂ ಹಬ್ಬಿದೆ ಎಂದು ಗೊತ್ತಾಗಿ ಎರಡು ತಿಂಗಳಾಗಿತ್ತು. ದಿನಾ ಒಂದು ಲೆಟ್ರೊಜೋಲ್ ಮಾತ್ರೆ. ಜೊತೆಗೆ ಪಾಲ್ಬೊಸಿಕ್ಲಿಬ್ ಕ್ಯಾಪ್ಸೂಲ್ 21 ದಿನ, ಆಮೇಲೆ 7 ದಿನ ಬಿಡುವು.

"ಎರಡೆರಡು ಯಾಕೆ? ಒಂದು ಸಾಲಲ್ವಾ?" ಅಂದಳು ಅಮ್ಮ.

ಗಡ್ಡೆಗೆ ಈಸ್ಟ್ರೊಜೆನ್ ಹಾರ್ಮೋನ್ ಅನ್ನೋ ಗೊಬ್ಬರ ಸಿಗದ ಹಾಗೆ ಮಾತ್ರೆ ಮಾಡುತ್ತೆ, ಕೋಶ ಒಂದಿದ್ದದ್ದು ಎರಡಾಗದ ಹಾಗೆ ಕ್ಯಾಪ್ಸೂಲ್ ತಡೆಯುತ್ತೆ ಅಂದೆ. ನಿದ್ದೆ ಬಾರದ ರಾತ್ರಿ ಓದಿದ್ದ ಪಲೋಮಾ-2 ಪ್ರಯೋಗದ ಕತೆಯನ್ನೂ ಹೇಳಿದೆ. ಒಟ್ಟು 666 ಹೆಂಗಸರು. 444 ಮಂದಿಗೆ ಎರಡೂ ಔಷಧಿ. ಉಳಿದ 222 ಮಂದಿಗೆ ಲೆಟ್ರೊಜೋಲ್ ಜೊತೆ, ನೋಡಲು ಥೇಟ್ ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಕ್ಯಾಪ್ಸೂಲ್. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ. ರೋಗ ಮುಂದುವರಿಯದೆ ನಿಂತದ್ದು ಮೊದಲ ಗುಂಪಿನಲ್ಲಿ ಸುಮಾರು 24.8 ತಿಂಗಳು, ಎರಡನೆಯದರಲ್ಲಿ 14.5. ಒಟ್ಟು ಆಯುಸ್ಸಿನಲ್ಲಿ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ನಾನು ಇಡ್ಲಿ ಜೊತೆ ನುಂಗಿಕೊಂಡೆ.

ನಾನು ಹತ್ತು ತಿಂಗಳ ಲಾಭ ಎಣಿಸುತ್ತಿದ್ದರೆ ಅಮ್ಮನ ಮನಸ್ಸು 222ರಲ್ಲೇ ನಿಂತಿತ್ತು. "ಆ ಹೆಂಗಸರು ದಿನಾ ಆಸೆ ಇಟ್ಕೊಂಡು ನುಂಗಿರ್ತಾರಲ್ವೇನೇ?"

ಏನು ಹೇಳಲಿ? ಚಟ್ನಿ ತರಲು ಎದ್ದೆ.

ರಿಪೋರ್ಟ್ ಬಂತು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೊಫಿಲ್ 820. ಸಾವಿರವಾದರೂ ಇರಬೇಕಿತ್ತು. ಕ್ಯಾಪ್ಸೂಲ್ ತಡೆಯುವುದು ಗಡ್ಡೆಯ ಕೋಶಗಳನ್ನಷ್ಟೇ ಅಲ್ಲ, ಮೂಳೆಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳನ್ನೂ. "ಇದು ಮಾಮೂಲು, ಗಾಬರಿ ಬೇಡ. ಒಂದು ವಾರ ಕ್ಯಾಪ್ಸೂಲ್ ಬೇಡ, ಲೆಟ್ರೊಜೋಲ್ ಬಿಡಬೇಡಿ. ಜ್ವರ ಬಂದರೆ ಮಾತ್ರ ಮಧ್ಯರಾತ್ರಿಯಾದರೂ ಬನ್ನಿ" ಎಂದರು ಡಾಕ್ಟರು.

ನಮ್ಮೂರು ದೇವನಹಳ್ಳಿ, ಹಿತ್ತಲಲ್ಲಿ ಎರಡು ಚಕ್ಕೋತದ ಮರ. ಹೆಸರಲ್ಲಿ ಗ್ರೇಪ್ ಇದ್ದರೂ ದ್ರಾಕ್ಷಿಯಲ್ಲದ, ಚಕ್ಕೋತದ ಬಳಗದ ಗ್ರೇಪ್‌ಫ್ರೂಟಿನ ಹಾಗೆ ಚಕ್ಕೋತವೂ ಔಷಧಿಯನ್ನು ದೇಹ ಬೇಗ ಒಡೆದುಹಾಕದಂತೆ ಮಾಡಿ ರಕ್ತದಲ್ಲಿ ಅದರ ಪ್ರಮಾಣ ಏರಿಸಬಹುದು ಅಂತ ಮೊದಲ ದಿನವೇ ನಿಷೇಧವಾಗಿತ್ತು. ಅವತ್ತಿನಿಂದ ಅಮ್ಮ ಹಿತ್ತಲ ಬಾಗಿಲು ತೆಗೆಯುವುದೇ ಕಡಿಮೆ.

ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ಹೆಬ್ಬಾಳ ದಾಟಿದ ಮೇಲೆ, "ಹಂಗಾದ್ರೆ ಈ ವಾರ ನಾನೂ ಆ 222 ಜನದ ಕಡೆಯವಳೇ" ಅಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ, "ಒಂದೇ ಒಂದು ತೊಳೆ ತಿನ್ನಬಹುದಾ ಅಂತ ಡಾಕ್ಟರಿಗೆ ಫೋನ್ ಮಾಡು."